ಹಿಮಾಲಯ ಚಾರಣ: ಹೊರಡುವ ಮುನ್ನ ವರ್ತಕರು ಹಾಕಬೇಕಾದ ಲೆಕ್ಕ

ವರ್ಷವಿಡೀ ಹರಾಜು, ಲಾರಿ ಬಾಡಿಗೆ, ಬ್ಯಾಂಕಿನ ಬಡ್ಡಿ ಎಂದು ದುಡಿಯುವ ವರ್ತಕರಿಗೆ ಹತ್ತು ದಿನಗಳ ಬಿಡುವು ಅಗತ್ಯವೇ ಸರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಪೇಟೆಗಳಿಂದಲೂ ಸಂಪಿಗೆಯಂತಹ ಗ್ರಾಮಗಳಿಂದಲೂ ಹಿಮಾಲಯದ ಕಡೆಗೆ ಹೊರಡುವವರಿದ್ದಾರೆ. ಮಾರ್ಗದರ್ಶಕರೊಡನೆ ಎತ್ತರದ ಚಾರಣ, ಜೊತೆಗೆ ಅಲ್ಲಿನ ದೇವಾಲಯ ಹಾಗೂ ಹಳ್ಳಿಗಳ ದರ್ಶನವೆಂಬ ಯೋಜನೆಗಳು ಆಕರ್ಷಕವಾಗಿವೆ. ಆದರೆ ಇದೂ ಒಂದು ಕರಾರು. ಸರಕು ಕೊಳ್ಳುವಾಗ ತೋರುವ ಎಚ್ಚರಿಕೆಯನ್ನು ಇಲ್ಲಿಯೂ ತೋರಬೇಕು.

2024ರ ಜೂನ್ ಮೊದಲ ವಾರದ ದುರಂತವನ್ನು ಕನ್ನಡಿಗರು ಮರೆಯಲಾಗದು. ಉತ್ತರಾಖಂಡದ ಉತ್ತರಕಾಶಿ ಭಾಗದ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ತಂಡವು ಸುಮಾರು 4,400 ಮೀಟರ್ ಎತ್ತರದಲ್ಲಿ ಹಿಮಗಾಳಿಗೆ ಸಿಲುಕಿತು. ತಂಡದಲ್ಲಿ ಕರ್ನಾಟಕದ 18 ಮಂದಿ, ಮಹಾರಾಷ್ಟ್ರದ ಒಬ್ಬರು ಹಾಗೂ ಮೂವರು ಸ್ಥಳೀಯ ಮಾರ್ಗದರ್ಶಕರಿದ್ದರು. ಒಂಬತ್ತು ಮಂದಿ ಅಸುನೀಗಿದರು. 13 ಮಂದಿ ಬದುಕುಳಿದರು. ವಾಯುಪಡೆಯ ಹೆಲಿಕಾಪ್ಟರ್‌ಗಳು ರಕ್ಷಣಾ ಕಾರ್ಯಕ್ಕೆ ಬಂದವು. ಕರ್ನಾಟಕ ಸರ್ಕಾರದ ಪರವಾಗಿ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಧಾವಿಸಿದರು. ತಂಡದಲ್ಲಿ ಅನುಭವಿ ಚಾರಣಿಗರೂ ಇದ್ದರೆಂಬುದನ್ನು ಗಮನಿಸಬೇಕು. ಆ ಎತ್ತರದಲ್ಲಿ ಹವೆ ಕೆಟ್ಟರೆ ಅನುಭವವೊಂದೇ ಸಾಲದು.

ದೇಹಕ್ಕೆ ಕಾಲಾವಕಾಶ

ನಮ್ಮ ತೆಂಗಿನ ಸೀಮೆಯು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸಹಸ್ರತಾಲ್‌ನಷ್ಟು ಎತ್ತರದಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿರುವುದರ ಶೇಕಡ 60ಕ್ಕೆ ಸಮೀಪ. ಆದ್ದರಿಂದಲೇ 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಸ್ಥಳವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಇರಬೇಕು ಎಂಬುದು ವೈದ್ಯರ ನಿಯಮ. ಅಟ್ಟಕ್ಕೇರಿಸಿದ ಕಾಯಿಯೊಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕೆಂಬುದನ್ನು ಬಲ್ಲ ನಮಗೆ, ಅವಸರ ಸಲ್ಲದ ಕೆಲಸಗಳೂ ಉಂಟೆಂದು ಹೇಳಬೇಕಾಗಿಲ್ಲ.

ಸ್ಥಳದರ್ಶನದ ದಿನಗಳು ದಂಡದ ಖರ್ಚೆಂದು ಕೆಲವರು ಭಾವಿಸುತ್ತಾರೆ. ವಾಸ್ತವವಾಗಿ ದೇಹವು ಎತ್ತರಕ್ಕೆ ಹೊಂದಿಕೊಳ್ಳುವುದು ಆ ದಿನಗಳಲ್ಲಿಯೇ. ಉತ್ತರಕಾಶಿ ಪಟ್ಟಣವು 1,150 ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ಕಾಶಿ ವಿಶ್ವನಾಥ ದೇಗುಲವನ್ನೂ 1965ರಲ್ಲಿ ಸ್ಥಾಪನೆಯಾದ ನೆಹರು ಪರ್ವತಾರೋಹಣ ಸಂಸ್ಥೆಯನ್ನೂ ನೋಡಬಹುದು. ಸುಮಾರು 2,600 ಮೀಟರ್ ಎತ್ತರದ ಹರ್ಸಿಲ್‌ನಲ್ಲಿ ತಂಗಿ, ಮರದ ಮನೆಗಳ ಮುಖ್ಬಾ ಗ್ರಾಮವನ್ನು ಸಂದರ್ಶಿಸಬಹುದು. ಚಳಿಗಾಲದಲ್ಲಿ ಗಂಗೋತ್ರಿಯ ಗಂಗಾಮಾತೆಯ ಮೂರ್ತಿಗೆ ಪೂಜೆ ಸಲ್ಲುವುದು ಇಲ್ಲಿಯೇ. ಆದರೆ ಮಳೆಗಾಲದ ಪ್ರವಾಸ ಅಪಾಯಕರ. 2025ರ ಆಗಸ್ಟ್ 5ರಂದು ಇದೇ ಕಣಿವೆಯ ಧರಾಲಿ ಗ್ರಾಮವು ಹಠಾತ್ ಪ್ರವಾಹಕ್ಕೆ ತುತ್ತಾಯಿತು.

ಕರಾರಿನ ಪರಿಶೀಲನೆ

ಮುಂಗಡ ಕೊಡುವ ಮುನ್ನ ಈ ಅಂಶಗಳನ್ನು ಲಿಖಿತವಾಗಿ ಪಡೆಯುವುದು ಒಳಿತು. ಒಂದು, ಹಣ ಪಡೆಯುವವರೇ ಚಾರಣ ನಡೆಸುವರೋ, ಸ್ಥಳೀಯರಿಗೆ ಒಳಗುತ್ತಿಗೆ ಕೊಡುವರೋ, ಜವಾಬ್ದಾರಿ ಯಾರದು. ಜಿಎಸ್‌ಟಿ ನೋಂದಣಿ ಸಂಖ್ಯೆಯಿರುವ ಬಿಲ್ಲನ್ನು ಕೇಳಿ ಪಡೆಯಬೇಕು. ಎರಡು, ಅರಣ್ಯ ಇಲಾಖೆಯ ಅನುಮತಿ ಪತ್ರ. ಮೂರು, ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕ, ಆಮ್ಲಜನಕದ ಸಿಲಿಂಡರ್ ಇದೆಯೇ. ನಾಲ್ಕು, ಹವೆ ಕೆಟ್ಟರೆ ಕಾಯಲು ಹೆಚ್ಚುವರಿ ದಿನವಿದೆಯೇ, ಅರ್ಧದಲ್ಲಿ ಹಿಂದಿರುಗಿದರೆ ಹಣದ ಗತಿಯೇನು. ಐದು, ತುರ್ತು ಸಂದೇಶ ಕಳುಹಿಸುವ ಬಗೆ. ಉಪಗ್ರಹ ದೂರವಾಣಿಯನ್ನು ಸರ್ಕಾರದ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಬಳಸುವಂತಿಲ್ಲ.

ವಿಮೆಯ ವಿಷಯದಲ್ಲಿ ವಿಶೇಷ ಗಮನವಿರಲಿ. ಆರೋಗ್ಯ ಹಾಗೂ ಅಪಘಾತ ವಿಮೆಯ ಅನೇಕ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಚಾರಣ ಸೇರಿದೆಯೇ, ಎಷ್ಟು ಮೀಟರ್‌ವರೆಗೆ, ಹೆಲಿಕಾಪ್ಟರ್ ರಕ್ಷಣಾ ವೆಚ್ಚ ಒಳಗೊಂಡಿದೆಯೇ ಎಂಬುದನ್ನು ಪಾಲಿಸಿಯ ಷರತ್ತುಗಳಲ್ಲಿಯೇ ಓದಿಕೊಳ್ಳಬೇಕು. ರಕ್ತದೊತ್ತಡ, ಮಧುಮೇಹಗಳನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮು ತಿರಸ್ಕೃತವಾಗುವ ಸಂಭವವುಂಟು.

ಅಂಗಡಿಯ ವ್ಯವಸ್ಥೆ

ಈ ಪ್ರವಾಸದ ವೆಚ್ಚವನ್ನು ವ್ಯಾಪಾರದ ಖರ್ಚಿಗೆ ಬರೆಯುವಂತಿಲ್ಲ. ಸ್ವಂತ ವೆಚ್ಚಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅಂತಹ ಮಾನ್ಯತೆಯಿಲ್ಲದ ಕಾರಣ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹಾಕುವುದೇ ಸರಿಯಾದ ಕ್ರಮ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳು ಮುಖ್ಯ. ಓಟಿಪಿ ಬರುವ ಮೊಬೈಲು ಮಾಲೀಕರೊಡನೆ ಬೆಟ್ಟವೇರಿದರೆ ರಿಟರ್ನ್ಸ್ ನಿಂತು, ತಡದ ಶುಲ್ಕ ಬೀಳುತ್ತದೆ. ಮನೆಯವರನ್ನೋ ಪಾಲುದಾರರನ್ನೋ ಅಧಿಕೃತ ಸಹಿದಾರರನ್ನಾಗಿ ಮೊದಲೇ ಸೇರಿಸಬೇಕು. ಬ್ಯಾಂಕು ಖಾತೆ, ವಿಮೆಗಳ ನಾಮನಿರ್ದೇಶನ, ಕೊಡುವ ಹಾಗೂ ಬರುವ ಬಾಕಿಗಳ ಪಟ್ಟಿಯನ್ನು ಮನೆಯವರಿಗೆ ತಿಳಿಸಿಯೇ ಹೊರಡಬೇಕು.

ತಲೆನೋವು, ವಾಕರಿಕೆ, ತಡವರಿಸುವ ನಡೆ, ಕುಳಿತಲ್ಲಿಯೇ ಏದುಸಿರು ಕಾಣಿಸಿದರೆ ಮಾರ್ಗದರ್ಶಕರಿಗೆ ತಕ್ಷಣ ತಿಳಿಸಬೇಕು. ನಡೆ ತಪ್ಪಿದಾಗ ಅಥವಾ ಕುಳಿತರೂ ಏದುಸಿರು ಬಿಡದಿದ್ದಾಗ ಕೆಳಗಿಳಿಯುವುದೇ ಮೊದಲ ಚಿಕಿತ್ಸೆ. ಕಟ್ಟಿದ ಹಣ ವ್ಯರ್ಥವಾಗುವುದೆಂದು ಮುಂದುವರಿಯುವುದು ತಪ್ಪು ಲೆಕ್ಕ. ಹೋದ ಹಣವನ್ನು ಮುಂದಿನ ಹಂಗಾಮಿನಲ್ಲಿ ಗಳಿಸಬಹುದು. ಹೊರಡುವ ವರ್ತಕ ಬಂಧುಗಳು ವೈದ್ಯರ ಸಲಹೆ ಪಡೆದು, ಮೇಲಿನ ಅಂಶಗಳನ್ನು ಪರಿಶೀಲಿಸಿ, ಸುಖವಾಗಿ ಹೋಗಿ ಬರಲೆಂದು ಹಾರೈಸುತ್ತೇನೆ.