ಲಾರಿಯ ಆಕ್ಸಲ್ ಅನುಪಾತ

ಆಕ್ಸಲ್ ಅನುಪಾತ ಎಂದರೆ ಲಾರಿಯ ಹಿಂದಿನ ಚಕ್ರಗಳು ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ತಿಳಿಸುವ ಸಂಖ್ಯೆ. ಡಿಫರೆನ್ಷಿಯಲ್‌ನಲ್ಲಿರುವ ಕ್ರೌನ್ ವೀಲ್‌ನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಇದು ದೊರೆಯುತ್ತದೆ. 41 ಹಲ್ಲುಗಳ ಕ್ರೌನ್ ವೀಲ್‌ಗೆ 6 ಹಲ್ಲುಗಳ ಪಿನಿಯನ್ ಇದ್ದರೆ ಅನುಪಾತ 6.83, 7 ಹಲ್ಲುಗಳಿದ್ದರೆ 5.86.

ಮಹತ್ವ

ಅನುಪಾತ ಹೆಚ್ಚಿದಷ್ಟೂ ಎಳೆಯುವ ಬಲ ಹೆಚ್ಚು, ಅದೇ ವೇಗಕ್ಕೆ ಎಂಜಿನ್ನಿನ ಸುತ್ತುಗಳೂ ಹೆಚ್ಚು. ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಬ್ಯಾಡಗಿಯ ಒಣಮೆಣಸಿನಕಾಯಿ ಚೀಲಗಳು ಜಾಗವನ್ನು ತುಂಬುತ್ತವೆಯೇ ಹೊರತು ಹೆಚ್ಚು ತೂಗುವುದಿಲ್ಲ. ಇಂಥ ಹೇರಿನೊಂದಿಗೆ ಹೆದ್ದಾರಿಯಲ್ಲೇ ಓಡುವ ಲಾರಿಗೆ 5.86 ಇಂಧನದ ದೃಷ್ಟಿಯಿಂದ ಅನುಕೂಲ. ಭಾರವಾದ ಹೇರಿನೊಂದಿಗೆ ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟವನ್ನು ಏರಬೇಕಾದ ಲಾರಿಗೆ 6.83 ಒಗ್ಗುತ್ತದೆ.

ಗುರುತಿಸುವ ವಿಧಾನಗಳು

ನೋಂದಣಿ ಪತ್ರದಲ್ಲಿ ಈ ಸಂಖ್ಯೆ ಇರುವುದಿಲ್ಲ. ಆಕ್ಸಲ್ ಹೌಸಿಂಗ್ ಮೇಲಿನ ತಗಡಿನ ಪಟ್ಟಿಯಲ್ಲಿ ಇರಬಹುದಾದರೂ, ಹಳೆಯ ಲಾರಿಗಳಲ್ಲಿ ಅದು ಉದುರಿರುತ್ತದೆ, ಇಲ್ಲವೇ ಒಳಗಿನ ಭಾಗಗಳು ಎಂದೋ ಬದಲಾಗಿರುತ್ತವೆ. ಆದ್ದರಿಂದ ಪಟ್ಟಿಯನ್ನು ಪೂರ್ತಿ ನಂಬಲಾಗದು. ಡಿಫರೆನ್ಷಿಯಲ್ ಬಿಚ್ಚಿ ಹಲ್ಲುಗಳನ್ನು ಎಣಿಸುವುದು ಅತ್ಯಂತ ಖಚಿತವಾದ ಕ್ರಮ.

ಬಿಚ್ಚದೆಯೂ ತಿಳಿಯಬಹುದು. ಲಾರಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿಗಳನ್ನು ಕೊಟ್ಟು, ಹಿಂದಿನ ಒಂದು ಬದಿಯನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಿ ಅಡಿಯಲ್ಲಿ ಮಲಗುವುದು ಪ್ರಾಣಾಪಾಯಕರ. ಗಿಯರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಸಡಿಲವಾಗಿರಬೇಕಾದುದರಿಂದ ದಿಮ್ಮಿಗಳೇ ಇಲ್ಲಿ ಆಧಾರ. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ತಿರುಗಿಸುತ್ತ ಶಾಫ್ಟಿನ ಸುತ್ತುಗಳನ್ನು ಎಣಿಸಲಾಗುತ್ತದೆ. ಒಂದು ಚಕ್ರ ನೆಲದಲ್ಲಿ ನಿಂತಿರುವಾಗ ಇನ್ನೊಂದು ಎರಡು ಸುತ್ತು ತಿರುಗಿದರೆ ಕ್ರೌನ್ ವೀಲ್ ತಿರುಗುವುದು ಒಂದೇ ಸುತ್ತು. ಈ ಅಂಶವನ್ನು ಮರೆತರೆ ಅನುಪಾತ ಅರ್ಧಕ್ಕೆ ಇಳಿದು ಕಾಣುತ್ತದೆ. ಚಕ್ರವನ್ನು 20 ಸುತ್ತು ತಿರುಗಿಸಿದಾಗ ಶಾಫ್ಟ್ ಸುಮಾರು 68 ಸುತ್ತು ತಿರುಗಿದರೆ ಅನುಪಾತ 6.83, ಸುಮಾರು 58 ಮತ್ತು ಅರ್ಧ ಸುತ್ತಾದರೆ 5.86. ಡಿಫರೆನ್ಷಿಯಲ್ ಲಾಕ್ ಹಾಕಿದ್ದರೆ ಈ ಲೆಕ್ಕ ಹೊಂದುವುದಿಲ್ಲ.

ಆರ್‌ಪಿಎಂ ಮೀಟರ್ ಇರುವ ಲಾರಿಯಲ್ಲಿ ಓಡಿಸಿಯೂ ಅಂದಾಜಿಸಬಹುದು. ಆದರೆ ಹಳೆಯ ಲಾರಿಗಳ ಸ್ಪೀಡೋಮೀಟರ್ ಗಿಯರ್‌ಬಾಕ್ಸಿನಿಂದ ಚಲಿಸುವ ಕಾರಣ, ಆಕ್ಸಲ್ ಬದಲಾಗಿದ್ದರೆ ಅದು ತಪ್ಪು ವೇಗವನ್ನೇ ತೋರಿಸುತ್ತದೆ. ಹೀಗಾಗಿ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ಹೆಚ್ಚು ನಂಬಿಕೆಗೆ ಅರ್ಹ: ಎರಡು ಕಲ್ಲುಗಳ ನಡುವಿನ ಒಂದು ಕಿ.ಮೀ. ದೂರಕ್ಕೆ 72 ಸೆಕೆಂಡು ಹಿಡಿದರೆ ವೇಗ ಗಂಟೆಗೆ 50 ಕಿ.ಮೀ. ಟೈರು ಒಂದು ಸುತ್ತಿಗೆ 3.2 ಮೀಟರ್ ಉರುಳುತ್ತದೆ ಎಂದಿಟ್ಟುಕೊಂಡರೆ ಚಕ್ರ ನಿಮಿಷಕ್ಕೆ ಸುಮಾರು 260 ಸುತ್ತು ತಿರುಗುತ್ತದೆ. ಟಾಪ್ ಗಿಯರ್ ನೇರ ಗಿಯರ್ ಆಗಿದ್ದಲ್ಲಿ ಎಂಜಿನ್ 6.83ಕ್ಕೆ ಸುಮಾರು 1,780, 5.86ಕ್ಕೆ ಸುಮಾರು 1,525 ಸುತ್ತು ತೋರಿಸುತ್ತದೆ.

ಬಿಡಿಭಾಗಗಳ ಖರೀದಿ

ಕ್ರೌನ್ ವೀಲ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿದ ಜೋಡಿ. ಒಂದನ್ನು ಮಾತ್ರ ಬದಲಿಸಿದರೆ, ಹಲ್ಲುಗಳ ಸಂಖ್ಯೆ ಸರಿಯಿದ್ದರೂ, ಸದ್ದು ಬಂದು ಬೇಗ ಸವೆಯುತ್ತವೆ. ಹಬ್ ರಿಡಕ್ಷನ್ ಆಕ್ಸಲ್‌ಗಳಲ್ಲಿ ಚಕ್ರದ ಬಳಿಯೂ ಗಿಯರ್‌ಗಳಿರುವುದರಿಂದ, ಸುತ್ತು ಎಣಿಸಿ ದೊರೆತ ಸಂಖ್ಯೆಯು ಒಟ್ಟು ಅನುಪಾತವಾಗಿರುತ್ತದೆ. ಜೋಡಿಯನ್ನು ಕೊಳ್ಳಲು ಹಲ್ಲುಗಳನ್ನೇ ಎಣಿಸಬೇಕಾಗುತ್ತದೆ.