ಐದನೆಯವರಿಗೆ ಮಂಚ ಉಂಟಾ?

ಮಕ್ಕಳಿಗೆ ರಜೆ ಬಂತೆಂದರೆ ಈಗ ನಮ್ಮ ಬ್ಯಾರಿ ಮನೆಗಳಲ್ಲೂ ರಿಸಾರ್ಟ್ ಎಂಬ ಮಾತು ಏಳುತ್ತದೆ. ನಾವು ಸಣ್ಣವರಿರುವಾಗ ಪ್ರವಾಸ ಎಂದರೆ ಒಂದೋ ಉಳ್ಳಾಲದ ಉರೂಸ್, ಇಲ್ಲವೇ ಬಾಡಿಗೆ ಜೀಪಿನಲ್ಲಿ ಕೊಡಗಿನ ಎಮ್ಮೆಮಾಡು ಝಿಯಾರತ್. ರಾತ್ರಿ ಉಳಿಯಬೇಕಾದರೆ ಯಾರಾದರೂ ಕುಟುಂಬದವರ ಮನೆ. ಅಲ್ಲಿ ಎಷ್ಟು ಜನ ಬಂದಿದ್ದೀರಿ ಎಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ, ಇನ್ನೊಂದು ಚಾಪೆ ಬಿಡಿಸುತ್ತಿದ್ದರು ಅಷ್ಟೆ. ಈಗ ಮಕ್ಕಳು ಮೊಬೈಲಿನಲ್ಲಿ ನೀಲಿ ನೀರಿನ ಈಜುಕೊಳ, ಮಂಜು ಮುಸುಕಿದ ಬೆಟ್ಟ ತೋರಿಸುತ್ತಾರೆ. ನಾವು ದರ ನೋಡಿ ಬುಕ್ ಮಾಡುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಮನೆಯವರಿಗೆ ಹಲಾಲಾದ ಸಂತೋಷ ಕೊಡುವುದೂ ಒಳ್ಳೆಯ ಕೆಲಸವೇ. ಆದರೆ ಫೋಟೊದಲ್ಲಿ ಕಾಣದ ಸಂಗತಿಗಳು ಕೆಲವುಂಟು. ಅದನ್ನು ನಾವು ಕಲಿತದ್ದು ಉಮ್ಮನಿಗೆ ಕಷ್ಟ ಕೊಟ್ಟ ನಂತರ.

ಎರಡು ವರ್ಷದ ಹಿಂದಿನ ಮಾತು. ನಾವು ಐದು ಜನ: ಉಮ್ಮ, ನಾವಿಬ್ಬರು, ಮಗಳು, ಮಗ. ಕೊಡಗಿನ ಒಂದು ರಿಸಾರ್ಟಿನಲ್ಲಿ ‘ಫ್ಯಾಮಿಲಿ ಕಾಟೇಜ್’ ಎಂದು ಬರೆದಿತ್ತು. ನಾವು ಫ್ಯಾಮಿಲಿ, ಅದು ನಮಗೇ ಇರುವುದು ಎಂದುಕೊಂಡೆವು. ಹೋಗಿ ನೋಡಿದರೆ ಒಂದು ದೊಡ್ಡ ಮಂಚ, ಇಬ್ಬರು ಮಲಗುವ ಒಂದು ಸೋಫಾ. ಐದನೆಯವರಿಗೆ ನೆಲದ ಮೇಲೆ ಹಾಸಿಗೆ. ‘ಎಕ್ಸ್‌ಟ್ರಾ ಬೆಡ್’ ಎಂದರೆ ಅಲ್ಲಿ ಮಂಚವಲ್ಲ, ಬರೀ ಹಾಸಿಗೆ. ಮಂಚದಲ್ಲಿ ಮಲಗಿ ಎಂದು ಎಷ್ಟು ಹೇಳಿದರೂ ಉಮ್ಮ ಒಪ್ಪಲಿಲ್ಲ. "ಮಕ್ಕಳು ಮಲಗಲಿ, ನನಗೆ ನೆಲವೇ ಅಭ್ಯಾಸ" ಎಂದು ಅಲ್ಲೇ ಮಲಗಿದರು. ಮೊಣಕಾಲು ನೋವಿನ ಉಮ್ಮ ರಾತ್ರಿ ಏಳಲಾಗದೆ, ನಮ್ಮನ್ನು ಎಬ್ಬಿಸಲೂ ಮನಸ್ಸಾಗದೆ ಕೂತೇ ಕಳೆದದ್ದು ನಮಗೆ ಗೊತ್ತಾದದ್ದು ಸುಬ್ಹ್‌ಗೆ ಎದ್ದಾಗ. ವುಝೂಗೆ ಬಿಸಿನೀರು ಕೇಳಿದರೆ ಏಳು ಗಂಟೆಯ ಮೇಲೆ ಬರುತ್ತದೆ ಎಂದರು. ಕೂತು ನಮಾಝ್ ಮಾಡಲು ಒಂದು ಕುರ್ಚಿ ತರಲು ಮಗ ಮೂವತ್ತು ಮೆಟ್ಟಿಲು ಇಳಿದು ಹತ್ತಿದ. ಹಿಂದಿನ ರಾತ್ರಿ ಹನ್ನೆರಡರವರೆಗೆ ಕೆಳಗೆ ಡಿಜೆ, ಪಕ್ಕದ ಕಾಟೇಜಿನ ಜಗಲಿಯಲ್ಲಿ ಬಾಟಲಿ. ಮಗಳು ಕಿಟಕಿಯ ಪರದೆ ಸರಿಸಲೇ ಇಲ್ಲ.

ಹೇಗಾಯ್ತು ಉಮ್ಮ ಎಂದು ಕೇಳಿದ್ದಕ್ಕೆ, "ಒಳ್ಳೆದಾಯ್ತು ಮೋನೇ" ಎಂದರು. ನಾವೂ ನಂಬಿದೆವು. ನಂಬುವುದು ನಮಗೆ ಸುಲಭ ಇತ್ತು.

ಕಳೆದ ಡಿಸೆಂಬರಿನಲ್ಲಿ ಮಕ್ಕಳು ಮತ್ತೆ ಮಾತೆತ್ತಿದಾಗ ಉಮ್ಮ ಹೇಳಿದ್ದು ಇಷ್ಟೇ: "ನಾಲ್ಕು ಜನಕ್ಕೆ ಕೋಣೆ ಸುಲಭ ಸಿಗ್ತದಲ್ವಾ. ನೀವು ಹೋಗಿ ಬನ್ನಿ. ನಾನು ತಂಗಿ ಮನೆಯಲ್ಲಿರ್ತೇನೆ." ಮಕ್ಕಳಿಗೆ ತಾಯಿ ತಂದೆಯ ಹಕ್ಕುಗಳ ಪಾಠ ಹೇಳಿಕೊಡುವ ನಮಗೆ ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಆ ದಿನವೇ ನಿರ್ಧರಿಸಿದೆವು: ಈ ಸಲ ಹುಡುಕುವುದು ಉಮ್ಮನ ಕಡೆಯಿಂದ. ಉಮ್ಮನಿಗೆ ಸರಿಯಾದ ಜಾಗ ಉಳಿದ ನಾಲ್ವರಿಗೆ ಸರಿಯಾಗದೆ ಇರುವುದಿಲ್ಲ.

ಮೊದಲು ಕೋಣೆಯ ವಿಷಯ. ಹೋಟೆಲ್ ಲೆಕ್ಕದಲ್ಲಿ ಕೋಣೆ ಎಂದರೆ ಇಬ್ಬರಿಗೆ, ಉಳಿದವರೆಲ್ಲ ಎಕ್ಸ್‌ಟ್ರಾ. ಹನ್ನೊಂದು ವರ್ಷದ ನಮ್ಮ ಮಗ ಒಂದು ಕಡೆ ಮಗು, ಇನ್ನೊಂದು ಕಡೆ ಪೂರ್ತಿ ಆಳು. ನಮ್ಮ ಲೆಕ್ಕ ಬೇರೆ. ಹತ್ತು ವರ್ಷವಾದ ಮಕ್ಕಳ ಹಾಸಿಗೆ ಬೇರೆ ಮಾಡಬೇಕೆಂದು ಮದ್ರಸದಲ್ಲಿ ಕಲಿಸುತ್ತೇವೆ, ಟೂರ್ ಹೋದಾಗ ಮಾತ್ರ ಐವರನ್ನು ಒಂದೇ ಕೋಣೆಗೆ ತುಂಬುತ್ತೇವೆ. ಹಾಗಾಗಿ ಎರಡು ಕೋಣೆ: ಒಂದರಲ್ಲಿ ಉಮ್ಮ, ಮನೆಯಾಕೆ, ಮಗಳು. ಇನ್ನೊಂದರಲ್ಲಿ ನಾವು ಮತ್ತು ಮಗ. ಎರಡಕ್ಕೂ ಒಳಗಿನಿಂದಲೇ ಬಾಗಿಲಿದ್ದರೆ ಅಥವಾ ನಡುವೆ ಒಂದು ಹಾಲ್ ಇದ್ದರೆ ಇನ್ನೂ ಒಳ್ಳೆಯದು.

"ಎರಡು ಕೋಣೆಗೆ ದುಡ್ಡೆಷ್ಟು ಉಸ್ತಾದ್?" ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಾದರೆ ಶೇ. 18. ನಮಗೆ ಒಂದು ಕಡೆ ಹೇಳಿದ ಕಾಟೇಜ್ ದರ 8,000, ಐದನೆಯವರಿಗೆ 1,500. ಒಟ್ಟು 9,500ಕ್ಕೆ ತೆರಿಗೆಯೇ 1,710, ಅಂದರೆ 11,210 ರೂಪಾಯಿ. ಇನ್ನೊಂದು ಕಡೆ 3,500ರ ಎರಡು ಕೋಣೆ. 7,000ಕ್ಕೆ 350 ತೆರಿಗೆ, 7,350 ರೂಪಾಯಿ. ಎರಡು ಕೋಣೆಯೇ ಅಗ್ಗ. ಎಲ್ಲ ಕಡೆ ಹೀಗೇ ಆಗುತ್ತದೆ ಎಂದಲ್ಲ, ಆದರೆ ಕೇಳದೆ ಬಿಡಬೇಡಿ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಹೋಂಸ್ಟೇಯವರು ಆ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಆಗಿದೆಯೇ ಎಂದೂ ಕೇಳಬೇಕು. ಮುಂಗಡ ಕೊಡುವ ಮೊದಲು ಬರಲಾಗದಿದ್ದರೆ ಎಷ್ಟು ವಾಪಸ್ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಊಟದ ವಿಷಯ ಸ್ವಲ್ಪ ಸೂಕ್ಷ್ಮ. ಫೋನ್ ಮಾಡಿ "ಹಲಾಲ್ ಉಂಟಾ" ಎಂದರೆ ಎಲ್ಲರೂ ಉಂಟು ಎನ್ನುತ್ತಾರೆ. ಕೇಳಬೇಕಾದ್ದು ಅದಲ್ಲ. ಕೋಳಿ ಎಲ್ಲಿಂದ ತರುತ್ತೀರಿ, ಯಾರು ಕೊಯ್ಯುತ್ತಾರೆ, ಪಾತ್ರೆ ಬೇರೆ ಉಂಟಾ ಎಂದು ಕೇಳಬೇಕು. ಕೊಡವರ ಮನೆಗಳಲ್ಲಿ ಪಂದಿಕರಿ ಮರ್ಯಾದೆಯ ಅಡುಗೆ. ಅವರ ಮನೆಗೆ ನಾವು ಹೋಗಿ ಮುಖ ಸಿಂಡರಿಸುವುದು ಸರಿಯಲ್ಲ. ಮೊದಲೇ ಮರ್ಯಾದೆಯಿಂದ ಹೇಳಿದರೆ ಅವರೂ ಮುಚ್ಚಿಡದೆ ಹೇಳುತ್ತಾರೆ. ಒಬ್ಬರು ನಮಗೆ, "ಒಂದೇ ಅಡುಗೆಮನೆ, ಪಾತ್ರೆಯೂ ಅದೇ. ನಿಮಗೆ ಸರಿಹೋಗಲಿಕ್ಕಿಲ್ಲ" ಎಂದು ತಾವಾಗಿಯೇ ಹೇಳಿದರು. ವ್ಯಾಪಾರ ಬಿಟ್ಟು ಸತ್ಯ ಹೇಳಿದ ಆ ಮನುಷ್ಯನನ್ನು ನಾವು ಇನ್ನೂ ನೆನೆಸುತ್ತೇವೆ. ಕೊಡಗಿನಲ್ಲಿ ನಮ್ಮ ಸಮುದಾಯದವರು ನಡೆಸುವ ಮನೆಗಳೂ ಇವೆ, ಗ್ಯಾಸ್ ಮತ್ತು ಪಾತ್ರೆ ಕೊಟ್ಟು ನೀವೇ ಬೇಯಿಸಿಕೊಳ್ಳಿ ಎನ್ನುವವರೂ ಇದ್ದಾರೆ. ಬೇಯಿಸುವುದಾದರೆ ಗಂಡಸರೂ ಕೈ ಹಾಕಬೇಕು. ಇಲ್ಲದಿದ್ದರೆ ಮನೆಯಾಕೆಗೆ ಎಂತದ್ದು ರಜೆ?

ನಮಾಝ್ ವಿಷಯಕ್ಕೆ ಬಂದರೆ, ಟೂರ್ ಅಂದಾಕ್ಷಣ ಜಮ್ಅ್ ಮತ್ತು ಖಸ್ರ್ ಮಾಡಬಹುದು ಎಂದುಕೊಳ್ಳುವವರು ಹೆಚ್ಚು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಎರಡು ಮರ್ಹಲದ ದೂರ ಬೇಕು, ಅದನ್ನು ನಮ್ಮ ಕಡೆಯ ಉಸ್ತಾದರು 132 ಕಿ.ಮೀ. ಎಂದು ಹಿಡಿಯುತ್ತಾರೆ. ಪುತ್ತೂರು, ಸುಳ್ಯದವರಿಗೆ ಮಡಿಕೇರಿ ಅಷ್ಟು ದೂರವಿಲ್ಲ. ಹೊರಡುವ ಮೊದಲು ನಿಮ್ಮ ಮಸೀದಿಯ ಖತೀಬರಲ್ಲಿ ಕೇಳಿಕೊಳ್ಳಿ. ಐದೂ ಹೊತ್ತು ಅಲ್ಲೇ ಮಾಡುವುದಾದರೆ ಮುಸಲ್ಲ ಹಾಸಲು ಜಾಗ, ಉಮ್ಮನಿಗೆ ಒಂದು ಗಟ್ಟಿ ಕುರ್ಚಿ ಬೇಕು. ಡಿಸೆಂಬರಿನಲ್ಲಿ ಅಲ್ಲಿ ಸುಬ್ಹ್ ಐದೂವರೆಯ ಹೊತ್ತಿಗೆ, ಚಳಿ ಹೇಳುವುದು ಬೇಡ, ಆ ಹೊತ್ತಿಗೆ ಬಿಸಿನೀರು ಬೇಕು. ಕೊಡಗಿನಿಂದ ಕಿಬ್ಲ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 20 ಡಿಗ್ರಿ ವಾಲಿಕೊಂಡಿದೆ. ಸೂರ್ಯ ಮುಳುಗುವ ದಿಕ್ಕಿಗೇ ತಿರುಗಿ ನಿಲ್ಲಬೇಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಮಸೀದಿ ಹತ್ತಿರವೇ ಎಂದು ಹೇಳಿದರೂ ಕಾಫಿ ತೋಟದ ದಾರಿಯಲ್ಲಿ ಇಶಾಕ್ಕೆ ನಡೆದು ಹೋಗುವ ಮೊದಲು ಆನೆ ಉಂಟಾ ಎಂದು ಮನೆಯವರಲ್ಲಿ ಕೇಳಿ. ಇದು ತಮಾಷೆಗೆ ಹೇಳುವ ಮಾತಲ್ಲ.

ಈಜುಕೊಳದ ಆಸೆ ಮಕ್ಕಳಿಗೆ ಇರುತ್ತದೆ. ಆದರೆ ಹೆಚ್ಚಿನ ಕಡೆ ಗಂಡಸರು ಹೆಂಗಸರಿಗೆ ಒಂದೇ ಕೊಳ. ಹದಿನಾಲ್ಕರ ಮಗಳು ದಡದಲ್ಲಿ ಕೂತು ತಮ್ಮನ ಬಟ್ಟೆ ಕಾಯುವುದಾದರೆ ಆ ಕೊಳದ ದುಡ್ಡು ನಾವು ಯಾಕೆ ಕೊಡಬೇಕು? ಹೆಂಗಸರಿಗೇ ಒಂದು ಗಂಟೆ ಬಿಟ್ಟುಕೊಡುವಿರಾ ಎಂದು ನಾವು ಕೇಳಿದ ಕಡೆಯೆಲ್ಲ ಇಲ್ಲ ಎಂದರು. ಬದಲಿಗೆ ಅವಳು ಕೇಳಿದ್ದು ದುಬಾರೆಯ ಆನೆ ಶಿಬಿರ. ಅದನ್ನು ತೋರಿಸಿದೆವು.

ಕೊನೆಗೆ ಸಿಕ್ಕಿದ್ದು ನಾಪೋಕ್ಲು ಕಡೆಯ ಒಂದು ಹಳೆ ಮನೆ. ಫೋಟೊದಲ್ಲಿ ನೋಡಿದರೆ ಮಕ್ಕಳು ಮೂಗು ಮುರಿಯುವಂತದ್ದೇ. ಕೆಳಗಿನ ಅಂತಸ್ತು, ಅಂಗಳದಿಂದ ಎರಡೇ ಮೆಟ್ಟಿಲು, ಎರಡು ಕೋಣೆ, ನಡುವೆ ಹಾಲ್, ಸ್ನಾನದ ಕೋಣೆಯಲ್ಲಿ ಕಟ್ಟಿಗೆ ಹಂಡೆ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು. ಆ ಸರಳಿನ ಫೋಟೊ ಕಳುಹಿಸಿ ಎಂದು ನಾವು ಕೇಳಿದಾಗ ಅವರಿಗೆ ನಗು ಬಂದಿರಬೇಕು. ಎಮ್ಮೆಮಾಡು ಅಲ್ಲಿಂದ ಹತ್ತಿರ ಎಂದು ಹೇಳಿದ ಮೇಲೆಯೇ ಉಮ್ಮ ಬುರ್ಖಾ ಇಸ್ತ್ರಿ ಮಾಡಿಸಲು ಕೊಟ್ಟದ್ದು.

ಸಂಪಾಜೆ ಘಾಟಿಯಲ್ಲಿ ಉಮ್ಮನಿಗೆ ಎರಡು ಸಲ ವಾಂತಿ ಆಯ್ತು, ಅದನ್ನೂ ಹೇಳಬೇಕು. ಎಲ್ಲವೂ ನಾವು ಎಣಿಸಿದ ಹಾಗೆ ಆಗಲಿಲ್ಲ. ಕರೆಂಟ್ ಒಂದು ರಾತ್ರಿ ಪೂರ್ತಿ ಇರಲಿಲ್ಲ, ಮಗನಿಗೆ ಮೊಬೈಲ್ ಇಲ್ಲದೆ ಮುಖ ಬಾಡಿತು. ಆದರೆ ಮರುದಿನ ಸುಬ್ಹ್‌ಗೆ ನಾವು ಏಳುವಾಗ ಉಮ್ಮ ಆಗಲೇ ವುಝೂ ಮಾಡಿ, ಮಗಳ ಪಕ್ಕದಲ್ಲಿ ಕುರ್ಚಿಯಲ್ಲಿ ಕೂತು ತಸ್ಬೀಹ್ ಹಿಡಿದಿದ್ದರು. ಯಾರನ್ನೂ ಎಬ್ಬಿಸಬೇಕಾಗಿ ಬಂದಿರಲಿಲ್ಲ.

ಬೆಳಿಗ್ಗೆ ಮನೆಯೊಡತಿ ತಂದಿಟ್ಟ ಕಡುಂಬುಟ್ಟನ್ನು ಉಮ್ಮ ಬೆರಳಿನಲ್ಲಿ ಒತ್ತಿ ನೋಡಿದರು. "ಇದು ನಮ್ಮ ಪುಂಡಿಯೇ ಅಲ್ವಾ? ಅಕ್ಕಿ ನೆನೆ ಹಾಕಿ ಕಡೆಯುವುದಾ, ತರಿಯಾ?" ಎಂದು ಕೇಳುತ್ತಾ ಅವರ ಹಿಂದೆಯೇ ಅಡುಗೆಮನೆಗೆ ಹೋದವರು ಒಂಬತ್ತು ಗಂಟೆಯಾದರೂ ಹೊರಗೆ ಬರಲಿಲ್ಲ. ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿ ನಾವು ನಾಲ್ವರು ಕಾಯುತ್ತಾ ಕೂತೆವು.