ಇಳಕಲ್ಲಿನ ಧೂಳೂ ಆಟದ ಕಂಪ್ಯೂಟರೂ

ಪ್ರಶ್ನೆ: ಅರವತ್ತು ಸಾವಿರ ರೂಪಾಯಿಯೊಳಗೆ ಆಟಗಳಿಗೆಂದು ಕಂಪ್ಯೂಟರನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಯಾವ ಭಾಗಕ್ಕೆ ಹೆಚ್ಚು ಹಣ ಹಾಕಲಿ?
– ಓದುಗರೊಬ್ಬರು, ಇಳಕಲ್ಲ

ಉತ್ತರ: ಆಟದ ದೃಶ್ಯಗಳನ್ನು ಕ್ಷಣಕ್ಷಣವೂ ರಚಿಸುವ ಭಾರವು ಬಹುಮಟ್ಟಿಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಬೀಳುವುದರಿಂದ, ತಮ್ಮ ದ್ರವ್ಯದ ಮೂರನೆಯ ಒಂದು ಪಾಲನ್ನಾದರೂ ಅದಕ್ಕೆ ಮೀಸಲಿಡತಕ್ಕದ್ದು. 2021ರಲ್ಲಿ ಬಂದ, 8 ಜಿಬಿ ಸ್ಮೃತಿಯುಳ್ಳ ಆರ್‌ಎಕ್ಸ್ 6600 ಕಾರ್ಡೂ 2022ರ ಆರು ಕೋರುಗಳ ರೈಜನ್ 5 5600 ಪ್ರೊಸೆಸರೂ ಈಗ ಹಳೆಯವೆನಿಸಿದರೂ, 1080ಪಿ ಪರದೆಗೆ ನನ್ನ ಮತದಲ್ಲಿ ಯಥೇಷ್ಟವಾದವು. ಆದರೆ ಈ ಪ್ರೊಸೆಸರಿಗೆ ಸ್ವಂತ ಚಿತ್ರಶಕ್ತಿಯಿಲ್ಲವಾದುದರಿಂದ ಕಾರ್ಡಿಲ್ಲದೆ ಪರದೆ ಬೆಳಗದು. 16 ಜಿಬಿ ರ‍್ಯಾಮನ್ನು 8ರ ಎರಡು ಸ್ಟಿಕ್ಕುಗಳಾಗಿ ಕೊಂಡರೆ ದತ್ತಾಂಶವು ಏಕಕಾಲಕ್ಕೆ ಎರಡು ಮಾರ್ಗಗಳಲ್ಲಿ ಸಂಚರಿಸುವುದು.

ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬರುವ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ಸನ್ನು ಮಾತ್ರ ನಂಬದಿರಿ: ಅದು ಕೆಟ್ಟಾಗ ಮದರ್‌ಬೋರ್ಡನ್ನೂ ಜೊತೆಗೊಯ್ಯಬಹುದು. 80 ಪ್ಲಸ್ ಬ್ರಾಂಜ್ ಮುದ್ರೆಯ, ಹೆಸರಾಂತ ಕಂಪನಿಯ 550 ವ್ಯಾಟಿನದು ಸಾಕು.

ಇನ್ನು ತಮ್ಮ ಊರಿನ ಮಾತು. ಕೆಂಪು ಗ್ರಾನೈಟಿನ ಕ್ವಾರಿಗಳೂ ಕಲ್ಲು ಕೊಯ್ಯುವ ಘಟಕಗಳೂ ಇರುವ ಸೀಮೆಯಲ್ಲಿ, ಬಾಗಲಕೋಟೆಯ ಬೇಸಗೆಯ ಝಳವೂ ಸೇರಿದಾಗ, ಗಾಜಿನ ಮುಖದ ಅಲಂಕಾರದ ಕ್ಯಾಬಿನೆಟ್ಟಿಗಿಂತ ಮುಂದೆ ಜಾಲರಿಯೂ ತೊಳೆಯಬಹುದಾದ ಧೂಳಿನ ಫಿಲ್ಟರೂ ಉಳ್ಳದ್ದೇ ಶ್ರೇಯಸ್ಕರ. ಗಾಳಿಯನ್ನು ಒಳಗೆಳೆವ ಫ್ಯಾನು ಎರಡು, ಹೊರದೂಡುವುದು ಒಂದು ಇರಲಿ. ಆಗ ಫಿಲ್ಟರಿಲ್ಲದ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ. ಈ ಭಾಗಗಳನ್ನು ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲನ್ನು ಬಿಡದೆ ಪಡೆಯಿರಿ. ಜೋಡಿಸುವ ಮುನ್ನ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸುವುದು ಅವಶ್ಯ.